ಕೊನೆ ಹೇಳಬಾರದು

ಓದುವವರಿಗೆ ಒಂದು ಚಟವಿದೆ. ಓದಿದ್ದನ್ನು ಇನ್ನೊಬ್ಬರ ಕಿವಿಗೆ ಹಾಕುವ ತನಕ ಅವರಿಗೆ ತಿಂದದ್ದು ಮೈಗೆ ಹತ್ತುವುದಿಲ್ಲ. ಆ ಚಟಕ್ಕೆ ಬಿದ್ದ ನಾಲ್ವರು ಭಾನುವಾರ ಮಧ್ಯಾಹ್ನ ರಟ್ಟಣ್ಣನ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೇರುತ್ತಿದ್ದರು. ರಟ್ಟಣ್ಣ ಎಂದರೆ ಹರಿದ ಪುಸ್ತಕಗಳಿಗೆ ಹೊಸ ರಟ್ಟು ಹಾಕಿಕೊಡುವವನು. ಕೋಣೆಯ ತುಂಬ ಅಂಟಿನ ವಾಸನೆ, ಕತ್ತರಿಸಿದ ಕಾಗದದ ಚೂರು, ಭಾರದ ಕೆಳಗೆ ಒಣಗುತ್ತಿರುವ ಪುಸ್ತಕಗಳು. ಕೂರಲು ಜಾಗ ಬೇಕಾದರೆ ಯಾವುದಾದರೂ ದಪ್ಪ ನಿಘಂಟನ್ನು ಎತ್ತಿ ಪಕ್ಕಕ್ಕಿಡಬೇಕು.

ರಟ್ಟಣ್ಣನಿಗೆ ಸಮುದ್ರಯಾನದ ಕಥೆಗಳೆಂದರೆ ಪ್ರಾಣ. ಹಡಗು ಒಡೆಯಬೇಕು, ನಾವಿಕರು ಚಕ್ಕಳ ಬೇಯಿಸಿ ತಿನ್ನಬೇಕು, ಆಗಲೇ ಅವನಿಗೆ ಸಮಾಧಾನ. ಆಸಾಮಿ ಸ್ವತಃ ಕೆರೆಯ ದೋಣಿ ಹತ್ತಿದರೂ ವಾಂತಿ ಮಾಡಿಕೊಳ್ಳುವವನು. ನರ್ಸಮ್ಮನಿಗೆ ಕೊಲೆಯ ಕಾದಂಬರಿಯೇ ಆಗಬೇಕು. "ವಾರವೆಲ್ಲಾ ಜನರನ್ನ ಉಳಿಸಿ ಉಳಿಸಿ ಸಾಕಾಗಿರುತ್ತೆ, ಭಾನುವಾರ ಒಬ್ಬನಾದ್ರೂ ಸಾಯ್ಲಿ ಬಿಡಿ" ಎನ್ನುತ್ತಿದ್ದಳು. ಕೆಲಸದಿಂದ ನಿವೃತ್ತರಾದ ಲೆಕ್ಕದ ಮೇಷ್ಟ್ರು ಅಡುಗೆ ಪುಸ್ತಕಗಳನ್ನು ಕಾದಂಬರಿಯಂತೆ ಓದುವವರು. ನೀರು ಕಾಯಿಸಲು ಬಾರದಿದ್ದರೂ, ಈರುಳ್ಳಿ ಕೆಂಪಗಾಗುವ ಪುಟ ಬಂದರೆ ಅದನ್ನು ಎರಡು ಸಲ ಓದಿ ಕಣ್ಣೊರೆಸಿಕೊಳ್ಳುತ್ತಿದ್ದರು.

ನಾಲ್ಕನೆಯವಳು ಚಾಳೀಸಮ್ಮ. ಕನ್ನಡಕದ ಅಂಗಡಿ ಇಟ್ಟವಳು, ತಾನೂ ದಪ್ಪ ಚಾಳೀಸು ಏರಿಸಿದವಳು, ಹಾಗಾಗಿ ಆ ಹೆಸರು. ಅವಳ ಓದಿಗೆ ಹೊತ್ತು ಗೊತ್ತು ಇಲ್ಲ, ರುಚಿ ಅರುಚಿ ಇಲ್ಲ. ದೆವ್ವದ ಕಥೆ, ರಾಜರ ಚರಿತ್ರೆ, ಜೇನು ಸಾಕುವ ಕ್ರಮ, ಯಾರದೋ ಆತ್ಮಕಥೆ, ಎಲ್ಲ ಒಂದೇ ಉಸಿರಿಗೆ ಒಳಗೆ ಹೋಗುತ್ತಿತ್ತು. ಗಿರಾಕಿ ಗೋಡೆಯ ಮೇಲಿನ ಅಕ್ಷರಗಳನ್ನು ತಡವರಿಸಿ ಓದುವಷ್ಟರಲ್ಲಿ ಇವಳು ಗಲ್ಲಾಪೆಟ್ಟಿಗೆಯ ಕೆಳಗೆ ಒಂದು ಪುಟ ಮುಗಿಸಿರುತ್ತಿದ್ದಳು.

ಈ ಕೂಟಕ್ಕೆ ಎರಡು ಕಟ್ಟಳೆ. ಒಂದು, ಎಲ್ಲರೂ ಒಪ್ಪಿ ಮಾಡಿಕೊಂಡದ್ದು: ಪುಸ್ತಕವನ್ನು ಎಷ್ಟು ಬೇಕಾದರೂ ಹೊಗಳಬಹುದು, ಕೊನೆ ಮಾತ್ರ ಹೇಳಬಾರದು. ಹೇಳಿದವರು ಎಲ್ಲರ ಟೀ ಲೋಟ ತೊಳೆಯಬೇಕು. ಇನ್ನೊಂದು, ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರೂ ಪಾಲಿಸುತ್ತಿದ್ದದ್ದು: "ನಾನದನ್ನ ಓದಿಲ್ಲ" ಎಂದು ಒಪ್ಪಿಕೊಳ್ಳುವಂತಿಲ್ಲ. ಯಾವ ಪುಸ್ತಕದ ಮಾತು ಬಂದರೂ "ಓ, ಅದಾ" ಎಂದು ತಲೆಯಾಡಿಸಬೇಕು, ಕಣ್ಣು ಅರೆ ಮುಚ್ಚಬೇಕು, "ಆ ಮಧ್ಯದ ಭಾಗ ಇದೆಯಲ್ಲ" ಎಂದು ಉಸಿರು ಬಿಡಬೇಕು. ಎಲ್ಲ ಪುಸ್ತಕಕ್ಕೂ ಮಧ್ಯದ ಭಾಗ ಇದ್ದೇ ಇರುವುದರಿಂದ ಈ ಬುರುಡೆ ಎಂದೂ ಸಿಕ್ಕಿಬಿದ್ದಿರಲಿಲ್ಲ. ಓದುವವರು ಸುಳ್ಳು ಹೇಳುವುದಿಲ್ಲ ಎಂದು ನಂಬಿರುವವರು ಓದುವವರ ಜೊತೆ ಕೂತಿಲ್ಲ, ಅಷ್ಟೆ.

ಆ ಭಾನುವಾರ ಚಾಳೀಸಮ್ಮನ ಗ್ರಹಚಾರ ಕೆಟ್ಟಿತ್ತು. ನರ್ಸಮ್ಮ ತನ್ನ ಸರದಿಯಲ್ಲಿ ಹೇಳಿದ್ದು, ಚಾಳೀಸಮ್ಮ ಚೀಲದಲ್ಲಿ ತಂದಿದ್ದ ಪುಸ್ತಕವನ್ನೇ. ಅದೇ ಪಾಳುಬಂಗಲೆ, ಅದೇ ವಿಷದ ಬಾಟಲಿ, ಅದೇ ಕುಂಟ ಮಾಲಿ. ಚೀಲದೊಳಗೆ ಕೈ ಹಾಕಿದ್ದವಳು ಪುಸ್ತಕವನ್ನು ಮೆಲ್ಲಗೆ ಒಳಕ್ಕೆ ತಳ್ಳಿದಳು. ಎಲ್ಲರೂ ಇವಳ ಮುಖ ನೋಡುತ್ತಿದ್ದರು. ಬರಿಗೈ ಎಂದರೆ ಮಾನ ಹೋಗುತ್ತದೆ.

"ನಾನು ಓದಿದ್ದಕ್ಕೆ ಮೊದಲ ಹಾಳೇನೇ ಇರ್ಲಿಲ್ಲ" ಎಂದು ಶುರು ಮಾಡಿದಳು. "ಹೆಸರು ಗೊತ್ತಿಲ್ಲ, ಬರೆದವರು ಯಾರೋ ಗೊತ್ತಿಲ್ಲ. ಆದ್ರೆ ಓದ್ತಾ ಓದ್ತಾ ಮೈ ಜುಮ್ಮಂತು."

ಆಮೇಲೆ ನಾಲಿಗೆ ತಾನಾಗಿ ಓಡಿತು. ಒಂದು ಮನೆ. ಅಕ್ಕ, ತಂಗಿ ಇಬ್ಬರೇ. ಅಕ್ಕನಿಗೆ ಓದುವ ಹುಚ್ಚು, ತಂಗಿಗೆ ಮಾತಿನ ಹುಚ್ಚು. ತಂಗಿ ಹೇಳುತ್ತಲೇ ಇರುತ್ತಾಳೆ, ಅಕ್ಕ ಪುಟದಿಂದ ಕಣ್ಣೆತ್ತದೆ ಹೂಂಗುಟ್ಟುತ್ತಾಳೆ. ಹೀಗೇ ವರ್ಷಗಳು ಕಳೆದ ಮೇಲೆ ಒಂದು ದಿನ ತಂಗಿ ಕನ್ನಡಿಯ ಮುಂದೆ ನಿಂತರೆ, ಕನ್ನಡಿ ಅವಳನ್ನು ತೋರಿಸಲು ಕೊಂಚ ತಡ ಮಾಡುತ್ತದೆ. ಕೇಳಿಸಿಕೊಳ್ಳುವವರಿಲ್ಲದೆ ಆ ಹುಡುಗಿ ದಿನಕ್ಕಿಷ್ಟು ಇಲ್ಲವಾಗುತ್ತಿದ್ದಾಳೆ. ಅಕ್ಕ ಪುಟ ತಿರುಗಿಸುತ್ತಲೇ ಇದ್ದಾಳೆ.

"ಮುಂದಿಂದು ನೀವೇ ಓದ್ಕೊಳ್ಳಿ" ಎಂದು ನಿಲ್ಲಿಸಿದಳು. ಮುಂದಿನದು ಅವಳಿಗೂ ಗೊತ್ತಿರಲಿಲ್ಲ.

"ಓ, ಅದಾ" ಎಂದರು ಮೇಷ್ಟ್ರು, ಕಣ್ಣು ಅರೆ ಮುಚ್ಚಿ.

ಚಾಳೀಸಮ್ಮ ನಗು ತಡೆಯಲಾರದೆ ಟೀ ಲೋಟಕ್ಕೆ ಬಾಯಿಟ್ಟಳು. ಸಿಕ್ಕಿಬಿದ್ದರಲ್ಲ ಮುದುಕರು.

"ಆ ಹೊಲಿಗೆ ಮಿಷನ್ನಿನ ಭಾಗ ಇದೆಯಲ್ಲ" ಎಂದು ಮೇಷ್ಟ್ರು ಮುಂದುವರಿಸಿದರು. "ತಂಗಿ ತುಳೀತಾ ಇರ್ತಾಳೆ, ಸೂಜಿ ಓಡ್ತಾ ಇರುತ್ತೆ, ದಾರಾನೂ ಖಾಲಿ ಆಗ್ತಾ ಇರುತ್ತೆ. ಬಟ್ಟೆ ಎತ್ತಿ ನೋಡಿದ್ರೆ ಒಂದು ಹೊಲಿಗೇನೂ ಬಿದ್ದಿರಲ್ಲ. ಅಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿ ಎದ್ದು ಓಡಾಡಿಬಿಟ್ಟೆ."

ತಂಗಿ ಹೊಲಿಯುತ್ತಾಳೆ ಎಂದು ಚಾಳೀಸಮ್ಮ ಹೇಳಿರಲೇ ಇಲ್ಲ. ಆದರೆ ಅವಳ ಸ್ವಂತ ತಂಗಿ ಮನೆಯಲ್ಲೇ ಹೊಲಿಗೆ ಇಟ್ಟುಕೊಂಡವಳು. ಮೇಷ್ಟ್ರ ಪ್ಯಾಂಟಿನ ಸೊಂಟ ಸಡಿಲ ಮಾಡಿಕೊಟ್ಟವಳೂ ಅವಳೇ. ಅಲ್ಲಿಂದ ಎತ್ತಿದ್ದಾರೆ, ಘಾಟಿ ಮನುಷ್ಯ ಎಂದುಕೊಂಡಳು.

"ನಂಗೆ ಆ ಕುರ್ಚೀದು ಮರೆಯೋಕೇ ಆಗಲ್ಲ" ಎಂದಳು ನರ್ಸಮ್ಮ. ಅವಳ ದನಿಯಲ್ಲಿ ಎಂದಿನ ಕೊಲೆಗಾರ ಉತ್ಸಾಹ ಇರಲಿಲ್ಲ. "ತಂಗಿ ಕೂತಿರ್ತಾಳೆ. ಒಬ್ಬ ಬಂದು ಅವಳ ಮೇಲೇ ಕೂರೋಕೆ ಹೋಗ್ತಾನೆ. ಅವಳು ಎದ್ದು ನಗ್ತಾಳಲ್ಲ, ಆ ನಗು ಓದೋಕಾಗಲ್ಲ ರೀ."

ರಟ್ಟಣ್ಣನ ಕಣ್ಣಲ್ಲಿ ನೀರು ತುಂಬಿತ್ತು. ಅಂಟು ಮೆತ್ತಿದ ಬೆರಳಿನಿಂದಲೇ ಒರೆಸಿಕೊಂಡು, "ಅದಕ್ಕೆ ರಟ್ಟು ಹಾಕಿದ್ದು ನಾನೇ. ಹಾಕ್ತಾ ಹಾಕ್ತಾ ಓದಿದೆ" ಎಂದ.

ಬುರುಡೆ ಬಿಡುವವರು ಅಳುವುದಿಲ್ಲ. ಚಾಳೀಸಮ್ಮನಿಗೆ ಆ ಕೋಣೆಯಲ್ಲಿ ಮೊದಲ ಬಾರಿಗೆ ಚಳಿಯಾಯಿತು.

ಮನೆಗೆ ಬಂದವಳೇ ತಂಗಿಗೆ ಹೇಳಿದಳು. ಹೇಳಿದರೆ ಚಳಿ ಬಿಡುತ್ತದೆ ಎಂಬ ಆಸೆ. ತಂಗಿ ಮಿಷನ್ ನಿಲ್ಲಿಸಿ, ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಂತೂ ನನ್ನನ್ನೂ ಪುಸ್ತಕದೊಳಗೆ ಹಾಕಿಬಿಟ್ಟೆ. ಹಾಗಾದ್ರೂ ನನ್ನ ಕಡೆ ನೋಡ್ತೀಯಲ್ಲ. ಕೊನೇಲಿ ನಾನೇನಾಗ್ತೀನಿ ಅಕ್ಕಾ?"

"ಕೊನೆ ಇನ್ನೂ ಕಟ್ಟಿಲ್ಲ."

"ಕಟ್ಟೋವಾಗ ಸ್ವಲ್ಪ ನೋಡ್ಕೊಂಡು ಕಟ್ಟು" ಎಂದು ತಂಗಿ ಮತ್ತೆ ಪೆಡಲ್ ಮೇಲೆ ಕಾಲಿಟ್ಟಳು. ಆಮೇಲೆ ಯಾರದೋ ಕೋಟಿನ ಕಥೆ ತೆಗೆದಳು. ಚಾಳೀಸಮ್ಮ ಹೂಂ ಎಂದಳು. ಅಷ್ಟರಲ್ಲಿ ಅವಳ ಮಡಿಲಲ್ಲಿ ಪುಸ್ತಕ ತೆರೆದಾಗಿತ್ತು. ಅಭ್ಯಾಸ ಎಂಬುದು ಎಷ್ಟು ಕೆಟ್ಟದ್ದು ನೋಡಿ.

ಆ ವಾರ ತಂಗಿ ಊಟದ ಡಬ್ಬಿ ಕೊಡಲು ಅಂಗಡಿಗೆ ಬಂದಳು. ಬಂದರೆ ಸುಮ್ಮನೆ ಹೋಗುವವಳಲ್ಲ. ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕೂತು, ಕಾಲು ಆಡಿಸುತ್ತ, ಪಕ್ಕದ ಮನೆಯವರ ಜಗಳ ಹೇಳುತ್ತಿದ್ದಳು. ಆಗ ಒಬ್ಬ ಗಿರಾಕಿ ಒಳಗೆ ಬಂದ. ಒಳ್ಳೆಯ ಬಟ್ಟೆಯ, ಮರ್ಯಾದಸ್ಥ ಮನುಷ್ಯ. ಛತ್ರಿ ಮೂಲೆಗಿಟ್ಟು, ನೇರ ಬಂದು, ಬೆನ್ನು ತಿರುಗಿಸಿ ಆ ಕುರ್ಚಿಯಲ್ಲೇ ಕೂರಲು ಹೋದ. ತಂಗಿ ಎದ್ದು ಪಕ್ಕಕ್ಕೆ ಹಾರಿದಳು.

"ರೀ, ಇಲ್ಲೊಬ್ಬಳು ಕೂತಿದ್ದೀನಿ" ಎಂದು ನಕ್ಕಳು.

ಆ ಮನುಷ್ಯ ಕ್ಷಮಿಸಿ ಎನ್ನಲಿಲ್ಲ. ತಿರುಗಿಯೂ ನೋಡಲಿಲ್ಲ. "ಹತ್ತಿರದ್ದು ಮಂಜು ಮಂಜು ಕಾಣುತ್ತೆ ಮೇಡಂ" ಎಂದು ಚಾಳೀಸಮ್ಮನಿಗೆ ಹೇಳಿದ.

ತಂಗಿ ಅಕ್ಕನ ಕಡೆ ನೋಡಿ ಹುಬ್ಬು ಹಾರಿಸಿದಳು. ಬೇಜಾರು ಮುಚ್ಚಿಕೊಳ್ಳಲು, ಗಾಜಿನ ಕಪಾಟಿನಿಂದ ಒಂದು ಕೆಂಪು ಫ್ರೇಮು ತೆಗೆದು ಹಾಕಿಕೊಂಡು ಕನ್ನಡಿಯ ಮುಂದೆ ನಿಂತು, "ಒಪ್ಪುತ್ತಾ?" ಎಂದಳು. ಚಾಳೀಸಮ್ಮ ಕನ್ನಡಿ ನೋಡಿದಳು. ಅದರಲ್ಲಿ ಎದುರಿನ ಗೋಡೆ ಇತ್ತು, ಗೋಡೆಯ ಮೇಲಿನ ಅಕ್ಷರಗಳಿದ್ದವು, ಗಾಳಿಯಲ್ಲಿ ನಿಂತ ಕೆಂಪು ಫ್ರೇಮು ಇತ್ತು. ಆಮೇಲೆ, ಬಸ್ಸಿಗೆ ತಡವಾಗಿ ಬಂದವಳ ಹಾಗೆ, ಫ್ರೇಮಿನ ಹಿಂದೆ ತಂಗಿಯ ಮುಖ ಬಂತು.

"ಏನಕ್ಕಾ, ಹಾಗೆ ಬಿಳಿಚಿಕೊಂಡೆ? ಅಷ್ಟು ಕೆಟ್ಟದಾಗಿದೆಯಾ?"

ಚಾಳೀಸಮ್ಮ ಆ ಗಿರಾಕಿಯನ್ನು ನಾಳೆ ಬನ್ನಿ ಎಂದು ಕಳಿಸಿ, ಬಾಗಿಲು ಎಳೆದು, ತಂಗಿಯ ಕೈ ಹಿಡಿದು ಮನೆಗೆ ನಡೆದಳು. ಕೈ ಬೆಚ್ಚಗೇ ಇತ್ತು. ಸೂಜಿ ಚುಚ್ಚಿದ ಗುರುತುಗಳು ಬೆರಳ ತುದಿಯಲ್ಲಿ ಇದ್ದವು. ದಾರಿಯಲ್ಲಿ ಎದುರುಮನೆಯಾಕೆ ಸಿಕ್ಕಿ, "ಏನು, ಇವತ್ತು ಒಬ್ಬರೇ ಇಷ್ಟು ಬೇಗ ಹೊರಟಿರಿ?" ಎಂದು ಚಾಳೀಸಮ್ಮನನ್ನು ಮಾತಾಡಿಸಿದಳು. ಈ ಎದುರುಮನೆಯಾಕೆಯ ಮಗಳ ಶಾಲೆಯ ಅಂಗಿ ತಂಗಿಯ ಮಿಷನ್ನಿನ ಮೇಲೆ ಇತ್ತು. ತಂಗಿ ಈ ಸಲ ನಗಲಿಲ್ಲ.

ಮನೆಗೆ ಬಂದು ಆ ಅಂಗಿಯನ್ನು ಎತ್ತಿ ನೋಡಿದರೆ, ಬೆಳಿಗ್ಗೆಯಿಂದ ಹೊಲಿದಿದ್ದ ತೋಳು ಕೈಯಲ್ಲಿ ಬಿಚ್ಚಿಕೊಂಡು ಬಂತು. ಬಟ್ಟೆಯಲ್ಲಿ ಸೂಜಿಯ ತೂತು ಕೂಡ ಇರಲಿಲ್ಲ. ದಾರದ ಉರುಳೆ ಮಾತ್ರ ಖಾಲಿಯಾಗಿತ್ತು.

ಮುಂದಿನ ಭಾನುವಾರ ಅವಳು ರಟ್ಟಣ್ಣನ ಕೋಣೆಗೆ ಹೋದದ್ದು ತಪ್ಪೊಪ್ಪಿಕೊಳ್ಳಲು. ನಿಂತೇ ಹೇಳಿದಳು. "ಅಂಥ ಪುಸ್ತಕ ಇಲ್ಲ. ನಾನು ಅವತ್ತು ಬರಿಗೈ ಆಗಿಬಿಟ್ಟಿದ್ದೆ, ಮಾನ ಉಳಿಸ್ಕೊಳ್ಳೋಕೆ ಕಟ್ಟಿ ಹೇಳಿದೆ. ನೀವು ಯಾರೂ ಓದಿಲ್ಲ. ಓದೋಕೆ ಸಾಧ್ಯವೇ ಇಲ್ಲ."

ಮೂವರೂ ಅವಳನ್ನು ನೋಡಿದರು. ಕೋಪವಿಲ್ಲ, ಅವಮಾನವಿಲ್ಲ. ಆಸ್ಪತ್ರೆಯಲ್ಲಿ ನರ್ಸಮ್ಮ ರೋಗಿಯ ಕಡೆಯವರನ್ನು ಹೇಗೆ ನೋಡುತ್ತಿದ್ದಳೋ ಹಾಗೆ.

"ಅದೂ ಪುಸ್ತಕದಲ್ಲಿದೆ" ಎಂದರು ಮೇಷ್ಟ್ರು ಮೆಲ್ಲಗೆ. "ಅಕ್ಕ ಬಂದು, ಇದೆಲ್ಲ ನಾನು ಕಟ್ಟಿದ್ದು ಅಂತಾಳಲ್ಲ. ಚೆನ್ನಾಗಿ ಬರೆದಿದ್ದಾರೆ ಆ ಭಾಗಾನ."

"ಎಲ್ಲಿದೆ ಆ ಪುಸ್ತಕ? ತೋರಿಸಿ" ಎಂದು ರಟ್ಟಣ್ಣನ ಮೇಲೆ ಹರಿಹಾಯ್ದಳು.

ರಟ್ಟಣ್ಣ ಕಕ್ಕಾಬಿಕ್ಕಿಯಾದ. "ನನ್ನ ಹತ್ರ ಎಲ್ಲಿರುತ್ತೆ? ರಟ್ಟು ಒಣಗಿದ ದಿನಾನೇ ತಗೊಂಡು ಹೋದಿರಲ್ಲ. ನೀವೇ ತಾನೇ ತಂದುಕೊಟ್ಟಿದ್ದು."

ಅವಳು ಕೂತಳು. ಇದು ಬುರುಡೆಯಲ್ಲ, ತಮಾಷೆಯಲ್ಲ, ಇವರಿಗೆ ಗೊತ್ತು ಎಂದು ಅವಳಿಗೆ ಆಗ ಖಚಿತವಾಯಿತು. ಗೊತ್ತಿದ್ದರೆ ಕೊನೆಯೂ ಗೊತ್ತಿರಬೇಕು.

"ಕೊನೇಲಿ ಅವಳು ಉಳೀತಾಳೆ" ಎಂದಳು. "ನಾನು ಕಟ್ಟಿದ ಕಥೆ, ಕೊನೇನೂ ನಾನೇ ಕಟ್ತೀನಿ. ತಂಗಿ ಉಳೀತಾಳೆ. ಇಬ್ಬರೂ ಮುದುಕಿಯರಾಗೋ ತನಕ ಒಟ್ಟಿಗೆ ಇರ್ತಾರೆ. ಇದೇ ಕೊನೆ. ಲೋಟ ನಾನು ತೊಳೀತೀನಿ."

ಯಾರೂ ಒಪ್ಪಲಿಲ್ಲ. ಮೂರು ತಲೆಗಳೂ ಒಟ್ಟಿಗೆ, ಒಂದೇ ನಿಧಾನದಲ್ಲಿ, ಅಡ್ಡಡ್ಡ ಆಡಿದವು. "ಅದು ಈ ಪುಸ್ತಕದ್ದಲ್ಲ" ಎಂದಳು ನರ್ಸಮ್ಮ. ಹಾಗಾದರೆ ಯಾವುದು ಎಂದು ಕೇಳಿದರೆ, "ಕೊನೆ ಹೇಳಬಾರದಲ್ಲ" ಎಂದು ಕಣ್ಣು ತಪ್ಪಿಸಿದಳು.

ಅಂದು ಸಂಜೆಯೇ ಚಾಳೀಸಮ್ಮ ಮನೆಯ ಪುಸ್ತಕಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಏರಿಸಿದಳು. ಕಣ್ಣಿನ ತೊಂದರೆ, ಕೆಲವು ದಿನ ರಜೆ ಎಂದು ಅಂಗಡಿಗೆ ಬೋರ್ಡು ಹಾಕಿದಳು. ಕನ್ನಡಕದ ಅಂಗಡಿಗೆ ಅದಕ್ಕಿಂತ ನಗೆಪಾಟಲಿನ ಬೋರ್ಡು ಬೇರೆ ಇಲ್ಲ. ಆಮೇಲೆ ತಂಗಿಯ ಮಿಷನ್ನಿನ ಪಕ್ಕ, ಕಿಟಕಿಯ ಬೆಳಕಿನಲ್ಲಿ, ಒಂದು ಸ್ಟೂಲು ಎಳೆದುಕೊಂಡು ಕೂತಳು.

"ಹೇಳು" ಎಂದಳು.

"ಏನು ಹೇಳ್ಲಿ?"

"ಏನಾದ್ರೂ. ಆ ಕೋಟಿನ ಕಥೆ ಹೇಳ್ತಿದ್ದೆಯಲ್ಲ, ನಾನು ಸರಿಯಾಗಿ ಕೇಳಿಸ್ಕೊಳ್ಲಿಲ್ಲ."

ತಂಗಿ ಅವಳನ್ನು ಅನುಮಾನದಿಂದ ನೋಡಿ ಶುರು ಮಾಡಿದಳು. ಒಬ್ಬಾತ ತನ್ನ ಹಳೆಯ ಕೋಟು ತಂದಿದ್ದನಂತೆ, ಜೊತೆಗೆ ತೀರಿಹೋದ ಹೆಂಡತಿಯ ಶಾಲು. ಶಾಲನ್ನು ಕೋಟಿನ ಒಳಗೆ, ಹೊರಗೆ ಯಾರಿಗೂ ಕಾಣದ ಹಾಗೆ ಹೊಲಿದು ಕೊಡಬೇಕಂತೆ. ಹಾಕಿಕೊಂಡು ನೋಡಿ, "ಈಗ ಸರಿಯಾಯ್ತು, ಬೆನ್ನಿಗೆ ತಾಗುತ್ತೆ" ಎಂದು ಹೋದನಂತೆ. ಇನ್ನೊಬ್ಬಳು ಮಗನ ಶಾಲೆಯ ಪ್ಯಾಂಟನ್ನು ಪ್ರತಿ ವರ್ಷ ತಂದು ಮಡಿಕೆ ಬಿಚ್ಚಿಸಿ ಉದ್ದ ಮಾಡಿಸುತ್ತಾಳಂತೆ. ಹಳೆಯ ಮಡಿಕೆಗಳ ಗೆರೆ ನೋಡಿದರೆ ಹುಡುಗ ಯಾವ ವರ್ಷ ಎಷ್ಟು ಬೆಳೆದ ಎಂದು ಗೊತ್ತಾಗುತ್ತದಂತೆ. ಚಾಳೀಸಮ್ಮ ಬೆರಗಾಗಿ ಕೇಳಿದಳು. ಕಪಾಟುಗಟ್ಟಲೆ ಓದಿದವಳಿಗೆ ಇಂಥದ್ದು ಎಲ್ಲೂ ಸಿಕ್ಕಿರಲಿಲ್ಲ, ಮತ್ತು ಇದೆಲ್ಲ ಇಷ್ಟು ವರ್ಷ ಅವಳ ಕಿವಿಯ ಪಕ್ಕದಲ್ಲೇ ಹರಿದುಹೋಗಿತ್ತು.

ಕೇಳಿದಷ್ಟೂ ಹೊಲಿಗೆ ಬಿದ್ದಿತು. ಶಾಲೆಯ ಅಂಗಿಯ ತೋಳು ಗಟ್ಟಿಯಾಗಿ ನಿಂತಿತು. ಎದುರುಮನೆಯಾಕೆ ಬಂದವಳು ಹೊಸ್ತಿಲಲ್ಲೇ ನಿಂತು, "ಓ, ಇದ್ದೀಯಾ? ಎಲ್ಲೋ ಊರಿಗೆ ಹೋಗಿದ್ದೀಯ ಅಂದ್ಕೊಂಡಿದ್ದೆ" ಎಂದು ತಂಗಿಯನ್ನೇ ಮಾತಾಡಿಸಿ ಅಂಗಿ ಒಯ್ದಳು. ಆಕೆ ಹೋದ ಮೇಲೆ ಅಕ್ಕ ತಂಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮಕ್ಕಳ ಹಾಗೆ ನಕ್ಕರು. ಚಾಳೀಸಮ್ಮ ತನ್ನ ಬದುಕಿನಲ್ಲಿ ಇಷ್ಟು ಸುಖವಾಗಿ ಎಂದೂ ಇರಲಿಲ್ಲ. ತಂಗಿ ಇಲ್ಲದೆ ತಾನು ಏನೂ ಅಲ್ಲ ಎಂದು ಅವಳಿಗೆ ಗೊತ್ತಾದದ್ದು ಆ ದಿನಗಳಲ್ಲಿ.

ಒಮ್ಮೆ ಮಾತಿನ ಮಧ್ಯೆ ತಂಗಿ, ಕೋಪ ಗೀಪ ಏನೂ ಇಲ್ಲದೆ, "ಆ ಗಡಿಯಾರ ರಿಪೇರಿಯವರು ನನ್ನ ಮದುವೆಯಾಗ್ತೀನಿ ಅಂತ ಕೇಳಿದ್ರಲ್ಲ" ಎಂದಳು.

"ಯಾವಾಗ?"

"ಆಗ್ಲೇ ಎಷ್ಟೋ ವರ್ಷ ಆಯ್ತು. ನಿಂಗೆ ಹೇಳಿದ್ದೆ. ಬೇಡ ಅಂದುಬಿಡ್ಲಾ ಅಂತ ಕೇಳಿದೆ. ನೀನು ಓದ್ತಾ ಇದ್ದೆ. ಹೂಂ ಅಂದೆ."

ಚಾಳೀಸಮ್ಮ ತಂಗಿಯ ಎರಡೂ ಕೈ ಹಿಡಿದುಕೊಂಡು ಅತ್ತಳು. ತಂಗಿ, "ಅಯ್ಯೋ ಬಿಡು, ಅವರು ಗೊರಕೆ ಹೊಡೀತಿದ್ರಂತೆ" ಎಂದು ಅವಳ ಚಾಳೀಸು ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಏರಿಸಿದಳು.

ಇಷ್ಟಕ್ಕೇ ನಿಂತಿದ್ದರೆ ಆಗಿತ್ತು. ಕೇಳಿಸಿಕೊಳ್ಳುತ್ತ ಕೂತಿದ್ದರೆ ಆ ಮನೆಯಲ್ಲಿ ಇವತ್ತಿಗೂ ಮಿಷನ್ನಿನ ಸದ್ದು ಇರುತ್ತಿತ್ತೋ ಏನೋ. ಆದರೆ ಚಾಳೀಸಮ್ಮ ಓದುವವಳು. ಓದುವವರಿಗೆ ಒಂದು ರೋಗವಿದೆ. ಎಷ್ಟೇ ಸೊಗಸಾದ ಪುಟದ ಮೇಲೆ ಕೂತಿದ್ದರೂ ಬೆರಳು ಕೊನೆಯ ಪುಟದ ಕಡೆಗೆ ಹೋಗುತ್ತದೆ. ತಂಗಿ ಮಾತಾಡುತ್ತಿರುವಾಗಲೂ ಇವಳ ತಲೆಯಲ್ಲಿ ಒಂದೇ ಹುಳು ಕೊರೆಯುತ್ತಿತ್ತು: ಕೊನೆಯಲ್ಲಿ ಏನಾಗುತ್ತದೆ? ಯಾವಾಗ, ಎಲ್ಲಿ, ಹೇಗೆ? ಅದೊಂದು ಗೊತ್ತಾದರೆ ಬಾಗಿಲಲ್ಲೇ ತಡೆಯಬಹುದಲ್ಲ. ಗೊತ್ತಿಲ್ಲದೆ ಕಾವಲು ಕಾಯುವುದು ಹೇಗೆ?

ಭಾನುವಾರ ಬಂತು. ಚಾಳೀಸಮ್ಮ ಚಪ್ಪಲಿ ಮೆಟ್ಟುವುದನ್ನು ತಂಗಿ ಮಿಷನ್ನಿನ ಹಿಂದಿನಿಂದ ನೋಡಿದಳು.

"ಇವತ್ತು ಹೋಗ್ಲೇಬೇಕಾ?"

"ಹೀಗೆ ಹೋಗಿ ಹಾಗೆ ಬಂದುಬಿಡ್ತೀನಿ."

"ನಿಂಗೊಂದು ಮಾತು ಹೇಳೋದಿತ್ತು ಅಕ್ಕಾ. ಯಾವತ್ತೂ ಹೇಳಿಲ್ಲ. ಇಷ್ಟು ದಿನ ಹೇಳಿದ್ದೆಲ್ಲ ಒಂದು ಕಡೆ, ಇದೊಂದು ಕಡೆ."

ತಂಗಿಯ ದನಿಯಲ್ಲಿ ಏನೋ ಇತ್ತು. ಚಾಳೀಸಮ್ಮ ಹೊಸ್ತಿಲ ಮೇಲೆ ಒಂದು ಕಾಲಿಟ್ಟು ನಿಂತಳು. ನಿಂತದ್ದು ನಿಜ. ಆದರೆ ರಟ್ಟಣ್ಣನ ಕೋಣೆಯಲ್ಲಿ ಆಗಲೇ ಎಲ್ಲರೂ ಸೇರಿರುತ್ತಾರೆ, ತಡವಾದರೆ ಎದ್ದುಹೋಗುತ್ತಾರೆ, ಮತ್ತೆ ಇಡೀ ವಾರ ಕಾಯಬೇಕು.

"ಬಂದ್ಮೇಲೆ ಹೇಳು ಪುಟ್ಟಿ" ಎಂದಳು.

ರಟ್ಟಣ್ಣನ ಕೋಣೆಯಲ್ಲಿ ಅಂದು ಯಾವ ಪುಸ್ತಕದ ಮಾತೂ ನಡೆದಿರಲಿಲ್ಲ. ಮೂವರೂ ಟೀ ಮುಂದಿಟ್ಟುಕೊಂಡು ಕುಡಿಯದೆ ಕೂತಿದ್ದರು. ಇವಳು ಒಳಗೆ ಬಂದದ್ದನ್ನು ಕಂಡು ರಟ್ಟಣ್ಣ "ಅಯ್ಯೋ, ಬಂದೇಬಿಟ್ರಾ" ಎಂದ. ಅದು ಸ್ವಾಗತದ ಮಾತಾಗಿರಲಿಲ್ಲ.

"ಕಾಲಿಗೆ ಬೀಳ್ತೀನಿ" ಎಂದಳು ಚಾಳೀಸಮ್ಮ. "ಕೊನೆ ಹೇಳಿ. ನನ್ನ ತಂಗಿ ಜೀವದ ಪ್ರಶ್ನೆ. ನಿಮ್ಮ ಕಟ್ಟಳೆ ಬೆಂಕಿಗೆ ಹಾಕಿ, ಕೊನೆ ಹೇಳಿ."

ಮೇಷ್ಟ್ರು ಕಿಟಕಿಯ ಕಡೆ ಮುಖ ಮಾಡಿದರು. ರಟ್ಟಣ್ಣ ಒಣಗಿದ ರಟ್ಟಿನ ಮೇಲೆ ಬೆರಳಾಡಿಸುತ್ತ ಕೂತ. "ನಾವು ಹೇಳಿಬಿಟ್ರೆ..." ಎಂದು ಶುರು ಮಾಡಿ ನುಂಗಿಕೊಂಡ. ಚಾಳೀಸಮ್ಮ ಒಬ್ಬೊಬ್ಬರ ಮುಂದೆಯೂ ಹೋಗಿ ನಿಂತಳು, ಬೈದಳು, ಅತ್ತಳು. ಗೋಡೆ ಗಡಿಯಾರದ ಮುಳ್ಳು ಸರಿಯುತ್ತಿತ್ತು. ಕೊನೆಗೆ ನರ್ಸಮ್ಮನಿಗೇ ತಡೆಯಲಾಗಲಿಲ್ಲ. ಎಷ್ಟೋ ಮನೆಯವರಿಗೆ ಕೆಟ್ಟ ಸುದ್ದಿ ಹೇಳಿ ಪಳಗಿದವಳು ಅವಳು. ಆದರೂ ನೆಲ ನೋಡಿಕೊಂಡೇ ಶುರು ಮಾಡಿದಳು.

"ಅಕ್ಕ ಓದೋದು ಬಿಡ್ತಾಳೆ. ತಂಗಿ ಪಕ್ಕ ಕೂತು ಕೇಳಿಸ್ಕೊಳ್ತಾಳೆ. ಅಷ್ಟು ದಿನಾನೂ ತಂಗಿಗೆ ಏನೂ ಆಗಲ್ಲ" ಎಂದಳು. "ಆಮೇಲೆ ಒಂದಿನ ತಂಗಿ, ಒಂದು ಮಾತು ಹೇಳ್ಬೇಕು ಅಂತಾಳೆ. ಅಕ್ಕ ಬಂದ್ಮೇಲೆ ಹೇಳು ಅಂತಾಳೆ."

ಚಾಳೀಸಮ್ಮನ ಕೈ ಬಾಯಿಗೆ ಹೋಯಿತು.

"ಕೊನೆ ಏನಾಗುತ್ತೆ ಅಂತ ಕೇಳೋಕೆ ಅಕ್ಕ ತನ್ನ ಸ್ನೇಹಿತರ ಹತ್ರ ಹೋಗ್ತಾಳೆ. ಹೋದಾಗ ಮನೇಲಿ ಕೇಳಿಸ್ಕೊಳ್ಳೋರು ಯಾರೂ ಇರಲ್ಲ." ನರ್ಸಮ್ಮ ಕಣ್ಣೆತ್ತಿದಳು. "ಅಷ್ಟೇ ರೀ. ಅದೇ ಕೊನೆ. ಅದಕ್ಕೇ ಹೇಳಬಾರದು ಅಂದಿದ್ದು. ನೀವು ಕೇಳದೇ ಇದ್ದಿದ್ರೆ..."

ಅವಳ ಮಾತು ಮುಗಿಯುವ ಮೊದಲೇ ಚಾಳೀಸಮ್ಮ ಬೀದಿಯಲ್ಲಿದ್ದಳು. ವಯಸ್ಸು, ಮಂಡಿನೋವು ಒಂದನ್ನೂ ಲೆಕ್ಕಿಸದೆ ಓಡಿದಳು. ಸೈಕಲ್ ಅಂಗಡಿ ದಾಟುವಾಗ "ಪುಟ್ಟೀ, ಬಂದೆ, ಬಂದೆ" ಎಂದು ಬಾಯಿಬಿಟ್ಟೇ ಹೇಳುತ್ತಿದ್ದಳು. ಟೈರಿಗೆ ಗಾಳಿ ತುಂಬುತ್ತಿದ್ದವನು ತಲೆ ಎತ್ತಿ ನೋಡಿದ. ಎದೆ ಒಡೆದುಹೋಗುವಷ್ಟು ಸಂಕಟ. ಹೋಗಿ ಅವಳ ಪಕ್ಕ ಕೂರುತ್ತೇನೆ, ಆ ಮಾತು ಏನೆಂದು ಕೇಳುತ್ತೇನೆ, ಇನ್ನೆಂದೂ ಏಳುವುದಿಲ್ಲ ಎಂದುಕೊಂಡಳು.

ಶಾಲೆಯ ಗೋಡೆಯುದ್ದಕ್ಕೂ ಓಡುವಾಗ, ಮನೆಯಲ್ಲಿ ಯಾರೋ ಕಾಯುತ್ತಿದ್ದಾರೆ, ಬೇಗ ಹೋಗಬೇಕು ಎಂಬುದು ಮನಸ್ಸಿನಲ್ಲಿತ್ತು. ಅದನ್ನು ಅವಳು ಬಿಗಿಯಾಗಿ ಹಿಡಿದುಕೊಂಡಿದ್ದಳು. ಔಷಧಿ ಅಂಗಡಿಯ ತಿರುವಿನಲ್ಲಿ ದಮ್ಮು ಕಟ್ಟಿ ಒಂದು ಗಳಿಗೆ ಕಂಬ ಹಿಡಿದು ನಿಂತಳು. ಬೇಗ ಹೋಗಬೇಕು. ಏಕೆ? ಒಲೆಯ ಮೇಲೆ ಹಾಲು ಇಟ್ಟು ಬಂದೆನೇ? ಇರಬೇಕು. ಒಲೆ ಆರಿಸಲಿಲ್ಲ, ಅದಕ್ಕೇ ಇಷ್ಟು ದಿಗಿಲು. ಕಣ್ಣಲ್ಲಿ ನೀರು ಬರುತ್ತಿತ್ತು. ಚಾಳೀಸು ತೆಗೆದು ಒರೆಸಿಕೊಂಡಳು, ಧೂಳಿಗೆ ಇರಬೇಕು.

ಇದನ್ನು ಹೇಳಲು ನನಗೆ ಸಂಕಟವಾಗುತ್ತದೆ. ಅವಳು ಅಲ್ಲಿಂದ ಮುಂದೆ ಓಡಲಿಲ್ಲ, ನಡೆದಳು.

ಬಾಗಿಲಿಗೆ ಬೀಗವಿತ್ತು. ಬೀಗದಕೈ ಅವಳ ಚೀಲದಲ್ಲೇ ಇತ್ತು. ಒಳಗೆ ಹೋಗಿ ಮೊದಲು ಅಡುಗೆಮನೆ ನೋಡಿದಳು. ಒಲೆ ಆರಿತ್ತು. ಒಂದು ತಟ್ಟೆ, ಒಂದು ಲೋಟ ತೊಳೆದು ಬೋರಲು ಹಾಕಿದ್ದವು. ಎದುರುಮನೆಯಾಕೆ ಕಿಟಕಿಯಿಂದ, "ಏನ್ರೀ, ಅಷ್ಟು ಅವಸರವಾಗಿ ಬಂದ್ರಿ?" ಎಂದು ಕೇಳಿದಾಗ, "ಏನೋ ಭ್ರಮೆ ಕಣ್ರೀ, ಒಲೆ ಆರಿಸಿಲ್ಲ ಅಂದ್ಕೊಂಡೆ" ಎಂದು ನಗುತ್ತ ಹೇಳಿದಳು. ಎದೆಯೊಳಗೆ ಮಾತ್ರ ಇನ್ನೂ ಏನೋ ಹೊಡೆದುಕೊಳ್ಳುತ್ತಿತ್ತು. ನೀರು ಕುಡಿದ ಮೇಲೆ ಅದೂ ನಿಂತಿತು.

ಅಟ್ಟದ ಮೇಲೆ ಗೋಣಿಚೀಲ ಕಂಡಿತು. ಪುಸ್ತಕಗಳನ್ನು ಅಲ್ಲಿಗೆ ಏಕೆ ಏರಿಸಿದೆ ಎಂದು ತನಗೇ ತಿಳಿಯದೆ, ಒಂದೊಂದಾಗಿ ಇಳಿಸಿ, ಧೂಳು ಕೊಡವಿ ಜೋಡಿಸಿದಳು. ಒಂದನ್ನು ಓದಲು ಆರಿಸಿಕೊಂಡಳು. ಕಿಟಕಿಯ ಬಳಿ ಯಾವ ಸಾಮಾನೂ ಇಲ್ಲದ ಜಾಗವೊಂದಿತ್ತು. ಸಂಜೆಯ ಬಿಸಿಲು ನೇರ ಅಲ್ಲಿಗೇ ಬೀಳುತ್ತಿತ್ತು. ಕುರ್ಚಿ ತಂದು ಹಾಕಿ, ಬೆಳಕಿಗೆ ಪುಸ್ತಕ ಹಿಡಿದು ನೋಡಿದಳು. ಅಕ್ಷರ ಅಕ್ಷರವೂ ಸ್ಪಷ್ಟ, ಮನೆಯಲ್ಲಿ ಒಂದು ಸದ್ದಿಲ್ಲ. ಓದುವುದಕ್ಕೆ ಇಷ್ಟು ಒಳ್ಳೆಯ ಜಾಗವನ್ನು ಇಷ್ಟು ವರ್ಷ ಸುಮ್ಮನೆ ಖಾಲಿ ಬಿಟ್ಟಿದ್ದೆನಲ್ಲ ಎಂದು ತನ್ನನ್ನು ತಾನೇ ಬೈದುಕೊಂಡಳು.